ಏಳು ಮರಿ ಮತ್ತು ಸುಣ್ಣದ ಡಬ್ಬಿ

ಕೋಳಿಯ ಮುಂದೆ ಕಾಳು ಚೆಲ್ಲಿ ನೋಡಿ, ಅದು ಕೂಡಲೇ ಕುಕ್ಕುವುದಿಲ್ಲ. ಕತ್ತನ್ನು ಓರೆಮಾಡಿ, ಒಂದೇ ಕಣ್ಣಿನಿಂದ ಮೊದಲು ಕಾಳನ್ನೂ ಆಮೇಲೆ ಚೆಲ್ಲಿದವನನ್ನೂ ಪರೀಕ್ಷಿಸಿ, ಎರಡರಲ್ಲಿಯೂ ದೋಷವಿಲ್ಲವೆಂದು ಖಾತ್ರಿಯಾದ ಮೇಲೆಯೇ ಕೊಕ್ಕು ಬಗ್ಗಿಸುತ್ತದೆ. ಸಾಲೆಯ ತಪಾಸಣೆಗೆ ಬರುವ ಸಾಹೇಬರ ಎರಡು ಕಣ್ಣುಗಳಿಗೂ ಹೆದರದ ನಾನು ಈ ಒಂಟಿಕಣ್ಣಿನ ಮುಂದೆ ಒಂದು ಮಳೆಗಾಲವಿಡೀ ಅಳುಕಿದೆನೆಂದರೆ ನೀವು ನಗಬಹುದು. ನಗಿರಿ, ನನ್ನ ಹೆಂಡತಿಯೂ ನಕ್ಕಿದ್ದಾಳೆ, ಸ್ವಲ್ಪ ತಡವಾಗಿ.

ಬೆಳಗಾವಿಯಲ್ಲಿ ಮನೆಮನೆಗೂ ನೂಲುವ ರಾಟಿ ಬರುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ಬಂದದ್ದು ಕೋಳಿ. ಖಾನಾಪುರದಲ್ಲಿ ಕೋಳಿರೋಗ ಓಣಿಯಿಂದ ಓಣಿಗೆ ದಾಟುತ್ತಿತ್ತು. ತಮ್ಮ ಓಣಿಯ ಸರದಿ ಬರುವ ಮೊದಲೇ ನಮ್ಮ ಅತ್ತೆಯವರು ಒಂದು ಹೇಂಟೆಯನ್ನೂ ಅದರ ಏಳು ಮರಿಗಳನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ರೈಲು ಹತ್ತಿ ಬಂದರು.

"ಮಾಸ್ತರ್ರ, ದಸರಾಕ್ಕ ಬರ್ತೀನ್ರಿ. ಏಳಕ್ಕ ಏಳೂ ನನ್ನ ಕಣ್ಣಿಗೆ ಬೀಳಬೇಕು," ಎಂದು ಹೇಳಿ ಹೋದರು. ಅವರು ಊರು ಮುಟ್ಟಿದ ವಾರದೊಳಗೆ ಅಲ್ಲಿ ಉಳಿದಿದ್ದ ಕೋಳಿಗಳೆಲ್ಲ ಸತ್ತವು. ಹೀಗೆ, ನನ್ನ ಹೆಂಡತಿ ಚಿಕ್ಕವಳಿದ್ದಾಗ ಮಡಿಲಲ್ಲಿಟ್ಟುಕೊಂಡು ಆಡಿಸಿದ ಕೋಳಿಯ ವಂಶದಲ್ಲಿ ಈ ಭೂಮಂಡಲದಲ್ಲಿ ಉಳಿದದ್ದು ನಮ್ಮ ಹಿತ್ತಿಲಿನ ಎಂಟು ಜೀವ ಮಾತ್ರ.

ಹಿತ್ತಿಲಲ್ಲಿ ಆಗಲೇ ತತ್ತಿಯಿಡುವ ಎರಡು ಕೋಳಿಗಳೂ ವಯೋವೃದ್ಧ ಹುಂಜವೊಂದೂ ಇದ್ದವು. ಬಾಲ, ಪ್ರೌಢ, ವೃದ್ಧ ಮೂವರೂ ಒಂದೇ ಅಂಗಳದಲ್ಲಿ ನೆರೆದರೆ ಮಾಸ್ತರನಾದವನು ಸುಮ್ಮನಿರುವುದು ಹೇಗೆ? ಸಾಲೆಯ ತರಗತಿಗಳಂತೆ ಇಯತ್ತೆ ವಿಂಗಡಿಸಿದೆ. ಮರಿಗಳಿಗೆ ಅಕ್ಕಿನುಚ್ಚು ಮತ್ತು ಗೆದ್ದಲು, ಹೇಂಟೆಗಳಿಗೆ ಜೋಳ, ಹುಂಜನಿಗೆ ತೌಡು, ಹೀಗೆ ಮೂರು ತಾಟು ಇಟ್ಟು ದೂರ ನಿಂತು ನನ್ನ ವ್ಯವಸ್ಥೆಯನ್ನು ನಾನೇ ಮೆಚ್ಚಿಕೊಳ್ಳುವಷ್ಟರಲ್ಲಿ ಹುಂಜನು ಒಂದನೇ ಇಯತ್ತೆಗೆ ಬಂದು ಸೇರಿದ, ಮರಿಗಳು ಪರೀಕ್ಷೆಯಿಲ್ಲದೆ ಮೂರನೆಯದಕ್ಕೆ ತೇರ್ಗಡೆಯಾದವು, ಹೇಂಟೆಗಳು ಎಲ್ಲ ಇಯತ್ತೆಗಳಲ್ಲಿಯೂ ಹಾಜರಿ ಹಾಕಿದವು.

ಇದರ ನಡುವೆ ತತ್ತಿಯ ಸಿಪ್ಪೆ ಬೆರಳು ತಾಗಿದರೆ ಒಡೆಯುವಷ್ಟು ತೆಳುವಾಗತೊಡಗಿತು. ಅದಕ್ಕೆ ಸುಣ್ಣ ಬೇಕೆಂಬಷ್ಟು ಜ್ಞಾನ ನನಗಿತ್ತು. ಅದಕ್ಕಿಂತ ಹೆಚ್ಚು ಇರಲಿಲ್ಲ. ಮೂರು ತಾಟುಗಳನ್ನು ರದ್ದುಮಾಡಿ, ಎಲ್ಲ ಕಾಳನ್ನೂ ಒಂದು ಪರಾತದಲ್ಲಿ ಕಲಸಿ, ತಾಂಬೂಲದ ಸುಣ್ಣವನ್ನು ಉದಾರವಾಗಿ ಬೆರೆಸಿ, ಸರ್ವಸಮಾನತೆಯನ್ನು ಸ್ಥಾಪಿಸಿದೆ. ಕೆಲವೇ ದಿನಗಳಲ್ಲಿ ಎರಡು ಮರಿಗಳು ರೆಕ್ಕೆ ಇಳಿಬಿಟ್ಟು ಗೋಡೆಗೊರಗಿ ನಿಂತವು.

ಹೆಂಡತಿ ಒಂದನ್ನು ಅಂಗೈಯಲ್ಲೆತ್ತಿಕೊಂಡು, ಪರಾತದ ಕಾಳನ್ನು ನಾಲಗೆಯ ತುದಿಗೆ ಮುಟ್ಟಿಸಿದಳು.

"ಇದರಾಗ ಸುಣ್ಣಾ ಹಾಕೀರೇನು?"

"ತತ್ತಿ ಗಟ್ಟಿ ಆಗ್ಲಿ ಅಂತ..."

"ಮರಿ ತತ್ತಿ ಇಡ್ತಾವೇನ್ರಿ?"

ಅವಳ ಕಣ್ಣಲ್ಲಿ ನೀರಿತ್ತು. ಪರಾತವನ್ನು ತಿಪ್ಪೆಗೆ ಸುರಿದಳು. ಅಂದಿನಿಂದ ಕೋಳಿಗಳಿಗೆ ಹೊತ್ತುಹೊತ್ತಿಗೆ ಕಾಳು ಬಿತ್ತು, ನನ್ನ ಸಂಜೆಯ ಚಹಾ ಮಾತ್ರ ನಿಂತಿತು.

ಭಾನುವಾರ ಊಟವಾಯಿತು. ನಮ್ಮೊಡನೆಯೇ ಇದ್ದ ನನ್ನ ಅಪ್ಪ ಎಲೆ-ಅಡಿಕೆಯ ತಟ್ಟೆಯನ್ನು ಎಳೆದುಕೊಂಡು, ಡಬ್ಬಿಯಿಂದ ಉಗುರಿನಷ್ಟು ಸುಣ್ಣ ತೆಗೆದು ಎಲೆಗೆ ಸವರಿದರು. ನಾನು ಅದರರ್ಧ ಸವರಿದೆ. ಮೂರು ವರ್ಷದ ಮಗಳು ಕೈಚಾಚುವಷ್ಟರಲ್ಲಿ ಹೆಂಡತಿ ಡಬ್ಬಿಯನ್ನೆತ್ತಿ ಗೋಡೆಯ ಗೂಡಿನಲ್ಲಿಟ್ಟಳು. ಆಗ ಹೊಳೆಯಿತು! ಮುದುಕನಿಂದ ಕೂಸಿನವರೆಗೆ ನಾವೆಲ್ಲ ಉಂಡದ್ದು ಒಂದೇ ಅನ್ನ, ಕೂಸಿಗೆ ಒಗ್ಗುವ ಮೆತ್ತನೆಯ ಅನ್ನ. ಸುಣ್ಣವೋ, ಬೇಕಾದವರು ಬೇಕಾದಷ್ಟು ತೆಗೆದುಕೊಳ್ಳುವಂತೆ ಬೇರೆ ಡಬ್ಬಿಯಲ್ಲಿ. ತಲೆತಲಾಂತರದಿಂದ ಯಾವ ಗೃಹಿಣಿಯೂ ಅನ್ನಕ್ಕೆ ಸುಣ್ಣ ಕಲಸಿರಲಿಲ್ಲ. ಅಷ್ಟು ವಿದ್ಯೆ ಬೇಕಾದದ್ದು ನನ್ನಂಥವನಿಗೇ.

ಬಾಯಲ್ಲಿ ಎಲೆಯಿದ್ದಂತೆಯೇ ಖಾನಾಪುರದ ರೈಲು ಹಿಡಿಯಲು ಸ್ಟೇಷನ್ನಿಗೆ ನಡೆದೆ. ಅತ್ತೆಯ ಕೋಳಿಗಳು ಹಿಂದೆ ಅಲ್ಲಿ ಮಲಪ್ರಭೆಯ ದಂಡೆಯ ಸುಣ್ಣದ ಕಪ್ಪೆಚಿಪ್ಪುಗಳನ್ನು ಕುಕ್ಕುತ್ತಿದ್ದುದನ್ನು ನಾನು ಕಂಡಿದ್ದೆ. ಗಣಪತಿ ಹಬ್ಬ ಮುಗಿದು ಹೊಳೆ ಇಳಿದಿತ್ತು. ಧೋತರದ ತುದಿಯಲ್ಲಿ ಚಿಪ್ಪು ಕಟ್ಟಿಕೊಂಡು ಅತ್ತೆಯ ಮನೆಗೆ ಹೋದರೆ, ಅವರು ಬರಿದಾದ ಕೋಳಿಗೂಡನ್ನು ಸಾರಿಸುತ್ತಿದ್ದರು.

"ಮರಿ ಹ್ಯಾಂಗ ಅದಾವ್ರಿ?"

"ಚಲೋ ಅದಾವ್ರಿ," ಎಂದೆ. ಸತ್ಯವನ್ನೇ ನುಡಿಯಬೇಕೆಂದು ಮಕ್ಕಳಿಗೆ ಕಲಿಸಿ ಸಂಬಳ ತೆಗೆದುಕೊಳ್ಳುವವನು ನಾನು. ಆ ಖಾಲಿ ಗೂಡಿನ ಮುಂದೆ ನನ್ನ ಜಾಣತನದ ಮೇಲೆ ನನಗೇ ಸಿಟ್ಟು ಬಂತು.

ಮರುದಿನದಿಂದ ಎಲ್ಲರಿಗೂ ಮರಿಯ ಊಟ: ನುಚ್ಚು, ಸಣ್ಣಗೆ ಒಡೆದ ಜೋಳ, ಚೂರು ಶೇಂಗಾ ಹಿಂಡಿ. ಮರಿಗೆ ಒಗ್ಗಿದ್ದು ಮುದುಕನಿಗೆ ಒಗ್ಗದಿದ್ದೀತೆ? ಕುಟ್ಟಿದ ಚಿಪ್ಪನ್ನು ತೆಂಗಿನ ಪರಟೆಯಲ್ಲಿ ತುಂಬಿ ಬೇರೆ ಕಟ್ಟೆಯ ಮೇಲಿಟ್ಟೆ. ತತ್ತಿಯಿಡುವವರು ತಾವಾಗಿಯೇ ಅಲ್ಲಿಗೆ ಹಾರಿ, ಸಾಕಾದಷ್ಟು ಕುಕ್ಕಿ, ಇಳಿದು ಬಂದರು. ಹುಂಜನು ಅತ್ತ ತಿರುಗಿಯೂ ನೋಡಲಿಲ್ಲ. ನಾಲ್ಕನೆಯ ದಿನ ಎರಡೂ ಮರಿಗಳು ರೆಕ್ಕೆಯೆತ್ತಿ ಓಡಾಡಿದವು. ಅಂದು ಸಂಜೆ ಒಳಗಿನಿಂದ, "ಚಹಾ ಕುಡೀತೀರೇನು?" ಎಂಬ ಧ್ವನಿ ಬಂತು. ಅಷ್ಟು ರುಚಿಯಾದ ಚಹಾವನ್ನು ನಾನು ಆಮೇಲೆ ಕುಡಿದಿಲ್ಲ.

ದಸರೆಗೆ ಬಂದ ಅತ್ತೆ ಕಾಲು ತೊಳೆಯದೆ ನೇರವಾಗಿ ಹಿತ್ತಿಲಿಗೆ ನಡೆದರು. ಕತ್ತನ್ನು ಓರೆಮಾಡಿ, ಥೇಟ್ ತಮ್ಮ ಕೋಳಿಯ ಹಾಗೆಯೇ, ಒಂದೊಂದನ್ನೂ ನೋಡಿದರು. ಏಳಕ್ಕೆ ಏಳು. ಒಂದು ತತ್ತಿಯನ್ನೆತ್ತಿ ಎರಡು ಅಂಗೈಗಳ ನಡುವೆ ಬಲವಾಗಿ ಅದುಮಿದರು, ಅದು ಜಗ್ಗಲಿಲ್ಲ.

"ಮಾಸ್ತರ್ರ, ಪಾಸಾದ್ರಿ!"

ನಾನು ಪಾಸಾದ ಯಾವ ಪರೀಕ್ಷೆಯೂ ನನಗೆ ಅಷ್ಟು ಸಂತೋಷ ಕೊಟ್ಟಿಲ್ಲ. ನಾನು ಹಿಗ್ಗಿ ಹೋದೆ; ನನ್ನ ಹೆಂಡತಿ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು.

ಹಬ್ಬ ಮುಗಿದ ಮೇಲೆ ಮೂರು ಮರಿಗಳು, ಈಗ ಮರಿಗಳೆನ್ನಲಾಗದಷ್ಟು ಬಲಿತವು, ಅದೇ ಬುಟ್ಟಿಯಲ್ಲಿ ಖಾನಾಪುರದ ಗೂಡಿಗೆ ಹೊರಟವು. ಸ್ಟೇಷನ್ನಿನಲ್ಲಿ ನಾನು ರೈಲಿನ ಕಿಟಕಿಯೊಳಗೆ ನುಚ್ಚಿನ ಅಂಗೈ ಚಾಚಿದೆ. ಹಿಂದೆ ರೆಕ್ಕೆ ಇಳಿಬಿಟ್ಟಿದ್ದ ಒಂದು ಹೇಂಟೆಮರಿ ಕತ್ತನ್ನು ಓರೆಮಾಡಿ, ಒಂದೇ ಕಣ್ಣಿನಿಂದ ನುಚ್ಚನ್ನು ಪರೀಕ್ಷಿಸಿತು. ನನ್ನನ್ನು ಪರೀಕ್ಷಿಸಲಿಲ್ಲ, ತಿನ್ನತೊಡಗಿತು.