ಯೇಸಪ್ಪನಿಗೆ ಒಯ್ದ ಕುರಿಮರಿ

ಎಂಬತ್ತು ರೂಪಾಯಿ. ಒಂದು ಖಾಲಿ ಗಾಜಿನ ಬಾಟಲಿಗೆ ಅಷ್ಟು ಕೊಟ್ಟೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ. ಸಂತೇಬೆನ್ನೂರಿನ ಸಂತೆಯಲ್ಲಿ ಹಳೇ ಸಾಮಾನು ಹರವಿಕೊಂಡು ಕೂತಿದ್ದವನು ಹೇಳಿದ ರೇಟು ಅದು. ನಲವತ್ತು ವರ್ಷ ಕುರಿ ವ್ಯಾಪಾರ ಮಾಡಿದ ನಾನು ಹೇಳಿದ ರೇಟಿಗೆ ಯಾವತ್ತೂ ಏನನ್ನೂ ಕೊಂಡವನಲ್ಲ. ಅವನಿಗೂ ಆಶ್ಚರ್ಯವಾಗಿರಬೇಕು, "ಯಜಮಾನ್ರೇ, ಇನ್ನೆರಡು ಅದಾವೆ, ಕೊಡ್ಲಾ?" ಅಂದ. ಬೇಡ ಎಂದೆ. ಈ ಬಾಟಲಿಯ ಮೈಗೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಇನ್ನೂ ಅಂಟಿಕೊಂಡಿತ್ತು. ಒಂದು ಹಲ್ಲಿಗೆ ಒಂದು ಡೋಸು. ಬಿರಡೆ ತೆಗೆದು ಮೂಸಿದೆ. ಯಾವ ವಾಸನೆಯೂ ಉಳಿದಿರಲಿಲ್ಲ. ಆದರೂ ನನಗೆ ಬಂತು...

ಜಗಳೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸರ್ಕಾರಿ ಆಸ್ಪತ್ರೆಯ ಕಾಂಪೌಂಡರು ಇದ್ದರು. ಎಪ್ಪತ್ತೇಳನೇ ಇಸವಿಯೋ ಎಪ್ಪತ್ತೆಂಟೋ ಇರಬೇಕು. ಬೀದಿಯಲ್ಲಿ ಕ್ರೈಸ್ತರ ಮನೆ ಅದೊಂದೇ. ಗಂಡ ಹೆಂಡತಿ ಇಬ್ಬರೇ. ಆಗೆಲ್ಲ ರೋಗಿಗಳೇ ಮನೆಯಿಂದ ಬಾಟಲಿ ತರಬೇಕಿತ್ತು. ಕಾಂಪೌಂಡರು ಕಾಗದ ಮಡಚಿ, ಕತ್ತರಿಯಿಂದ ಚಕಚಕನೆ ಹಲ್ಲು ತೆಗೆದು, ಅಂಟು ಸವರಿ ಬಾಟಲಿಗೆ ಹಚ್ಚಿಕೊಡುತ್ತಿದ್ದರು. ಓದು ಬಾರದವರೂ ಅದನ್ನು ನೋಡಿ ಔಷಧಿ ಕುಡಿಯುತ್ತಿದ್ದರು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ದೊಡ್ಡ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟಿದ್ದರು. ಊರಿಗೆಲ್ಲ ಔಷಧಿ ಅಳೆದು ಕೊಡುವವರ ಕೈಯಲ್ಲಿ ಮನೆಯಾಕೆಗೆ ಕೊಡಲು ನೋವು ಮರೆಸುವ ಮಿಕ್ಸ್ಚರ್ ಒಂದು ಬಿಟ್ಟು ಏನೂ ಇರಲಿಲ್ಲ. ಅದರಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಅವರು ಪ್ರಾರ್ಥನೆ ಮಾಡುವುದು ಗೋಡೆಯಾಚೆ ನನಗೆ ಕೇಳುತ್ತಿತ್ತು.

"ನನ್ ಕೈಲಿ ಆಗ್ತಿಲ್ಲ ಸ್ವಾಮಿ. ಇವತ್ತೊಂದಿನ ನೀನು ಹೊತ್ಕೋ. ನಾಳೆದು ನಾಳೆ ಕೇಳ್ತೀನಿ."

ದಿನಾ ಅದೇ ಮಾತು. ಕೆಲವೊಮ್ಮೆ ಮಾತು ಅರ್ಧಕ್ಕೇ ನಿಂತು, ಅಳು ಮಾತ್ರ ಕೇಳುತ್ತಿತ್ತು.

ಅಷ್ಟರಲ್ಲಿ ನನ್ನ ಮೂರು ವರ್ಷದ ಮಗಳಿಗೆ ವಾಂತಿಭೇದಿ ಹತ್ತಿತು. ಡಾಕ್ಟರು ಊರಲ್ಲಿರಲಿಲ್ಲ. ಮಗುವಿನ ಕಣ್ಣು ಒಳಕ್ಕೆ ಹೋಗಿತ್ತು. ಕಾಂಪೌಂಡರು ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಪಡಸಾಲೆಯಲ್ಲಿ ಕೂತು, ತುಟಿ ಅಲ್ಲಾಡಿಸುತ್ತ, ಉಪ್ಪು ಸಕ್ಕರೆ ನೀರನ್ನು ಚಮಚ ಚಮಚವಾಗಿ ಹಾಕಿದರು. ನಾನು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತಾಗಿತ್ತು. ಕೊನೆಗೆ ಅವರ ದೇವರಿಗೂ ಒಂದು ಕುರಿಮರಿ ಎಂದು ಮನಸ್ಸಲ್ಲೇ ಹೇಳಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಮಗು "ಅವ್ವಾ" ಎಂದಿತು.

ಮಾತು ಅಂದರೆ ಮಾತು. ಹಿಂಡಿನಲ್ಲೇ ಒಳ್ಳೆಯ ಮರಿ ಆರಿಸಿ, ಹಣೆಗೆ ಅರಿಶಿನ ಹಚ್ಚಿ, ಕೊರಳಿಗೆ ಹೂವು ಕಟ್ಟಿ ಅವರ ಬಾಗಿಲಿಗೆ ಒಯ್ದೆ. "ಸಾಹೇಬ್ರೆ, ನಿಮ್ ದೇವ್ರಿಗೆ ಹೇಳ್ಕಂಡಿದ್ದೆ. ಎಲ್ಲಿ ಕಡೀಬೇಕು ಹೇಳ್ರಿ."

ಒಳಗೆ ಮಂಚದ ಮೇಲಿದ್ದ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡ್ರೀ, ಸಾವ್ಕಾರ್ರು ಯೇಸಪ್ಪಂಗೂ ಬಾಡೂಟ ಹಾಕಾಕೆ ಬಂದಾರೆ!"

ಕಾಂಪೌಂಡರು ಮರಿಯ ಹಣೆ ಸವರಿದರು. "ನಮ್ಮಲ್ಲಿ ಬಲಿ ಒಂದ್ಸಲ ಆಗಿ ಹೋಗೈತೆ, ಯೇಸುನೇ ಬಲಿಯಾದ. ಮತ್ತೆ ಕೊಡಂಗಿಲ್ಲ."

"ಮತ್ತೆ ನಿಮ್ ದೇವ್ರು ಏನು ತಗಂತಾನೆ?"

"ಏನೂ ಇಲ್ಲ."

"ಏನೂ ತಗಳ್ದೆ ಕೊಡೋರನ್ನ ನಾನು ನಂಬಂಗಿಲ್ಲ ಬಿಡ್ರಿ."

"ನಾನೂ ದಿನಾ ಕಷ್ಟಪಟ್ಟೇ ನಂಬ್ತೀನಿ," ಎಂದರು. ನಗಲಿಲ್ಲ.

ಮರಿಯನ್ನು ಅಕ್ಕ ಕಳಿಸಿಕೊಡಲಿಲ್ಲ. ಮಂಚದ ಕಾಲಿಗೆ ಕಟ್ಟಿಸಿಕೊಂಡು ತನ್ನ ಪಾಲಿನ ರೊಟ್ಟಿ ಮುರಿದು ತಿನ್ನಿಸುತ್ತಿದ್ದಳು. ಎರಡು ತಿಂಗಳಿಗೆ ಅವಳು ಹೋದಳು. ಹೂಳಲು ದಾವಣಗೆರೆಯ ಕ್ರೈಸ್ತರ ಸ್ಮಶಾನಕ್ಕೆ ಒಯ್ಯಬೇಕಿತ್ತು. ಕುರಿ ತುಂಬುವ ಲಾರಿಯನ್ನೇ ತೊಳೆಸಿದೆ. ಹಿಂದೆ ಹೆಣದ ಪಕ್ಕ ನಾವಿಬ್ಬರೂ ಕೂತೆವು. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಲೇ ಇತ್ತು. ನನಗೆ ತಡೆಯಲಾಗಲಿಲ್ಲ. "ನನ್ ಮಗೀನ ಉಳಿಸ್ದ, ನಿಮ್ಮಾಕೀನ ಬಿಟ್ಟ. ಇನ್ನೂ ಅವನ್ನೇ ಕರೀತೀರಲ್ರೀ. ಸಿಟ್ಟು ಬರಾದಿಲ್ವಾ?"

"ಬಂದೈತೆ," ಎಂದು ನನ್ನ ಮಣಿಕಟ್ಟು ನೋಯುವಂತೆ ಹಿಡಿದರು. "ಅವನ ಮ್ಯಾಲೇ ಬಂದೈತೆ. ಅವನ್ನೂ ಬಿಟ್ರೆ ಯಾರ ಮ್ಯಾಲೆ ಸಿಟ್ಟಾಗ್ಲಿ? ನನಗ್ಯಾರದಾರೆ?"

ನಾಲ್ಕನೇ ದಿನ ಡ್ಯೂಟಿಗೆ ಹೋದರು, ನಾನೂ ಜೊತೆಗೆ ಹೋಗಿದ್ದೆ. ಬಾಟಲಿ ಇಲ್ಲದೆ ಬಂದ ಒಬ್ಬ ಮುದುಕಿ ಕಿಟಕಿಯ ಮುಂದೆ ನಿಂತಿದ್ದಳು. ಕಾಂಪೌಂಡರು ತಮ್ಮ ಚೀಲದಿಂದ ಅಕ್ಕನ ಬಾಟಲಿ ತೆಗೆದರು. ಅದರಲ್ಲಿ ಇನ್ನೂ ಎರಡು ಹಲ್ಲಿನಷ್ಟು ಔಷಧಿ ಇತ್ತು. ಚೆಲ್ಲಿದರು. ತೊಳೆದರು. ಹಳೇ ಕಾಗದ ಕೆರೆದು ಹೊಸದು ಕತ್ತರಿಸಿದರೆ ಹಲ್ಲೆಲ್ಲ ಸೊಟ್ಟಗಾದವು. ಎಸೆದು, ಮತ್ತೊಂದು ಕತ್ತರಿಸಿದರು. ಅದೂ ಸೊಟ್ಟ. ಮೂರನೆಯದು ಸರಿಬಂತು. ಅಷ್ಟು ಹೊತ್ತೂ ತುಟಿ ಅಲ್ಲಾಡುತ್ತಿತ್ತು...

ಮುಂದಿನ ವರ್ಷ ಅವರಿಗೆ ಹೊನ್ನಾಳಿಗೆ ವರ್ಗವಾಯಿತು. ಟಗರಾಗಿದ್ದ ಮರಿಯನ್ನು ನನ್ನ ಕೈಗೆ ಕೊಟ್ಟು, "ಮಾರಬ್ಯಾಡ್ರಿ. ಒಂದ್ಸಲ ಬರ್ರಿ, ಅಲ್ಲಿ ನನಗ್ಯಾರೂ ಗೊತ್ತಿಲ್ಲ," ಎಂದರು. ಮಾರಲಿಲ್ಲ. ಅದು ಮುದಿಯಾಗಿ ನಮ್ಮ ಹಿತ್ತಿಲಲ್ಲೇ ಸತ್ತಿತು.

ಹೋಗುವುದು ಮಾತ್ರ ಆಗಲಿಲ್ಲ. ಕುರಿ ನೋಡಲು ನ್ಯಾಮತಿ, ಸವಳಂಗದ ಕಡೆ ಎಷ್ಟು ಸಲ ಹೋದೆನೋ. ಬಸ್ಸು ಹೊನ್ನಾಳಿಯಲ್ಲಿ ನಿಲ್ಲುತ್ತಿತ್ತು. ಇಳಿದು ಚಹಾ ಕುಡಿದು ಮತ್ತೆ ಹತ್ತುತ್ತಿದ್ದೆ. ನನ್ನ ಮಗಳನ್ನು ಉಳಿಸಿದವರ ಮುಂದೆ ಬರಿಗೈಲಿ ಹೇಗೆ ನಿಲ್ಲಲಿ? ಸರಿಸಾಟಿಯಾದದ್ದು ಏನಾದರೂ ಸಿಗಲಿ ಎಂದು ಕಾದೆ. ಕೊನೆಗೊಮ್ಮೆ ಒಳ್ಳೆಯ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಔಷಧಿ ಕಿಟಕಿಯಲ್ಲಿ ಬೇರೆ ಯಾರೋ ಇದ್ದರು. "ಅವ್ರು ತೀರ್ಕಂಡು ಎರಡು ವರ್ಷ ಆತಲ್ರೀ," ಎಂದರು. ಕೊನೆಗೆ ಹತ್ತಿರ ಯಾರಿದ್ದರು ಎಂದು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.

ಈಗ ಬಾಟಲಿ ನನ್ನ ಕಿಟಕಿಯಲ್ಲಿದೆ. ಅವರದಲ್ಲ, ಗೊತ್ತು. ಅವರ ದೇವರ ಜೊತೆ ನನಗೆ ಇವತ್ತಿಗೂ ಸಲಿಗೆಯಿಲ್ಲ. ಆದರೂ ನನ್ನ ಹೆಂಡತಿ ತೀರಿಕೊಂಡ ಮೇಲೆ ಕೆಲವು ಬೆಳಿಗ್ಗೆ ಎದ್ದು ಕೂರಲಾಗದೆ, "ಇವತ್ತೊಂದಿನ" ಎಂದು ಅವರ ಮಾತನ್ನೇ ಶುರುಮಾಡುತ್ತೇನೆ. ಮುಂದೆ ಬರುವುದಿಲ್ಲ...

ವ್ಯಾಪಾರಸ್ಥನ ಮಾತೆಂದು ತಳ್ಳಿಹಾಕದೆ ಕೇಳಿ. ಕಷ್ಟದಲ್ಲಿರುವವರು ಬನ್ನಿ ಎಂದರೆ ಏನು ಒಯ್ಯಲಿ ಎಂದು ಲೆಕ್ಕ ಹಾಕಬೇಡಿ. ಬರಿಗೈಲೇ ಹೋಗಿ, ಪಕ್ಕದಲ್ಲಿ ಕೂತುಕೊಳ್ಳಿ. ಹೊನ್ನಾಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಅದು ಬಿಟ್ಟುಹೋದರೆ ಹೋಗಲಿ, ಹಿಂದೆ ಇನ್ನೊಂದು ಬರುತ್ತದೆ. ನೀವು ಇಳಿಯಿರಿ.