ಕೆರೆ ಬಂತು

ಕೆ.ಆರ್. ಪುರದ ನಮ್ಮ ಶಿಶುವಿಹಾರಕ್ಕೆ ಹೊಸ ಟ್ಯಾಬ್ ಬಂದಿತ್ತು. ಅದನ್ನು ನೆಲದತ್ತ ಹಿಡಿದರೆ ಪರದೆಯಲ್ಲಿ ತರಗತಿಯ ನೆಲವೇ ತಿಳಿನೀರಾಗುತ್ತಿತ್ತು. ಮಕ್ಕಳ ಕಾಲ ಬುಡದಲ್ಲೇ ಮೀನು, ಕಪ್ಪೆ, ಕೊಕ್ಕರೆ. ಪಾಠ ಶುರುಮಾಡುತ್ತ, "ನೋಡಿ, ಕೆರೆ ಬಂತು" ಎಂದೆ.

ಮಕ್ಕಳೆಲ್ಲ ಒಟ್ಟಿಗೆ ಮೂಗು ಮುಚ್ಚಿಕೊಂಡರು.

ದಿನಾ ಬೆಳಿಗ್ಗೆ ಶಾಲೆಯ ವ್ಯಾನು ತಿರುವಿಗೆ ಬಂದಾಗ ಆಯಾ ಹೇಳುವ ಮಾತೂ ಅದೇ: "ಕೆರೆ ಬಂತು, ಮೂಗು ಮುಚ್ಕೊಳ್ರಪ್ಪ."

ನನಗೆ ಸಿಟ್ಟು ಬಂತು. ಆಯಾ ಮೇಲಲ್ಲ, ಮಕ್ಕಳ ಮೇಲಂತೂ ಅಲ್ಲವೇ ಅಲ್ಲ. ಒಬ್ಬ ಹುಡುಗಿ ಬೆರಳು ಸಡಿಲಿಸಿ, ಟ್ಯಾಬನ್ನು ಮೂಸಿ ನೋಡಿದಳು.

"ವಾಸನೆನೇ ಇಲ್ಲ ಮಿಸ್. ಇದು ಕೆರೆ ಅಲ್ಲ."

ನಿಜವಾದ ಕೆರೆ ಗೋಡೆಯಾಚೆಗೇ ಇದೆ. ಕಿಟಕಿ ತೆರೆದು ತೋರಿಸೋಣವೆಂದರೆ, ಆ ವಾಸನೆಗೆ ಹೆದರಿ ಕಿಟಕಿಗೆ ಎಂದೋ ಮೊಳೆ ಹೊಡೆಸಿ ಆಗಿತ್ತು.