ಚುಕ್ಕಾಣಿ ಅತ್ತೆಯ ಕಪ್ಪು-ಬಿಳುಪು

ಬಂದರಿನವರಿಗೆಲ್ಲ ಅವಳು ಚುಕ್ಕಾಣಿ ಅತ್ತೆ. ಸ್ವಂತ ಅಳಿಯ ಮನೆಗೆ ಬರುವ ಎಷ್ಟೋ ಮೊದಲೇ ಅವಳು ಐಸ್ ಕಾರ್ಖಾನೆಯವರಿಗೂ ಬಲೆ ಹೊಲಿಯುವವರಿಗೂ ಡೀಸೆಲ್ ಹಾಕುವವರಿಗೂ ಅತ್ತೆಯಾಗಿಬಿಟ್ಟಿದ್ದಳು. ಎಲ್ಲರನ್ನೂ ಬಯ್ಯುವ ಅಧಿಕಾರವಿರುವ ಹೆಂಗಸಿಗೆ ಬೇರೆ ಯಾವ ಸಂಬಂಧ ಒಪ್ಪುತ್ತದೆ ಹೇಳಿ. ದೋಣಿ ಮೀನಿಳಿಸುವ ದಕ್ಕೆ ಮುಟ್ಟುವ ಮೊದಲೇ ಅವಳ ದನಿ ಮುಟ್ಟುತ್ತಿತ್ತು.

ಅವಳದು ತಲೆಯ ಮೇಲೆ ಸೂರಿಲ್ಲದ ದೋಣಿ. ಕ್ಯಾಬಿನ್ ಕಟ್ಟಿಸು ಎಂದವರಿಗೆ, “ಗಾಳಿ ಮುಖಕ್ಕೆ ಬಡೀದೆ ಸಮುದ್ರ ಏನು ಹೇಳ್ತಿದೆ ಅಂತ ಹೇಗೆ ಗೊತ್ತಾಗತ್ತೆ?” ಎಂದು ಕೇಳುವಳು. ಆ ದೋಣಿಯ ಚುಕ್ಕಾಣಿ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಕೊಟ್ಟದ್ದಲ್ಲ, ಅವಳು ತೆಗೆದುಕೊಂಡದ್ದು. ಅಪ್ಪನ ಕಣ್ಣು ಮಂಜಾಗಿ ದೋಣಿ ಒಮ್ಮೆ ಬಂಡೆಗೆ ಉಜ್ಜಿಕೊಂಡಾಗ, “ಕಾಣದವರು ಚುಕ್ಕಾಣಿ ಹಿಡೀಬಾರದು ಅಪ್ಪ” ಎಂದು ಅವನ ಕೈ ಬಿಡಿಸಿ ತಾನು ನಿಂತಳು. ಮಾತೇನೋ ಸರಿಯೇ. ದೋಣಿಯಲ್ಲಿರುವವರ ಜೀವ ಆಟದ ಸಾಮಾನಲ್ಲ. ಆದರೆ ಅಪ್ಪ ಮತ್ತೆ ದೋಣಿ ಹತ್ತಲಿಲ್ಲ. ದಕ್ಕೆಯ ಕಟ್ಟೆಯ ಮೇಲೆ ಕೂತು, ಎಂಜಿನ್ ಸದ್ದಿನಿಂದಲೇ ಮಗಳ ದೋಣಿಯನ್ನು ಗುರುತಿಸುತ್ತ ಉಳಿದ ಕಾಲ ಕಳೆದ. ಅವನು ಹೋದ ಮೇಲೆ ಊರವರೆಲ್ಲ ಆ ಕಟ್ಟೆಯ ಮೇಲೆ ಕೂತು ಹರಟುತ್ತಿದ್ದರು. ಅವಳು ಮಾತ್ರ ಒಂದು ದಿನವೂ ಕೂರಲಿಲ್ಲ.

ಹೀಗಿರುವಾಗ ಅವಳ ಹಳೆಯ ಫಿಶ್‌ಫೈಂಡರ್ ಉಪ್ಪುನೀರು ಕುಡಿದು ಕಣ್ಣು ಮುಚ್ಚಿತು. ಅದು ಕಪ್ಪು-ಬಿಳುಪಿನ ಪುಟ್ಟ ಪರದೆ. ದೋಣಿಯಡಿಯಿಂದ ನೀರಿನೊಳಕ್ಕೆ ಸದ್ದು ಬಿಟ್ಟು, ಮರಳಿ ಬಂದ ಸದ್ದನ್ನು ಕೇಳಿ, ತಳದಲ್ಲಿ ಬಂಡೆಯೋ ಕೆಸರೋ, ನಡುವೆ ಮೀನಿದೆಯೋ ಇಲ್ಲವೋ ಎಂದು ಗೆರೆ ಎಳೆದು ತೋರಿಸುತ್ತಿತ್ತು. ಗುಂಡಿ ಒತ್ತಿದರೆ ಅದೇ ಪರದೆ ನಕ್ಷೆಯಾಗಿ, ದೋಣಿ ಎಲ್ಲಿದೆ, ಬಂದರು ಯಾವ ಕಡೆ ಎಂದು ಹೇಳುತ್ತಿತ್ತು. ಹೊಸದು ತರಲೇಬೇಕಾಯಿತು. ಅಳಿಯನಿಗೆ ಹೊಸ ವಸ್ತುವೆಂದರೆ ಕೈ ತುರಿಸುತ್ತದೆ. ಅತ್ತೆಯನ್ನು ಕರೆದುಕೊಂಡು ಅಂಗಡಿಗೆ ಹೋದವನೇ, ಗಿರಾಕಿಗಳಿಗೆಂದು ಮಾದರಿ ಚಿತ್ರ ಓಡಿಸಿಟ್ಟಿದ್ದ ಬಣ್ಣದ ಯಂತ್ರದ ಮುಂದೆ ನಿಂತುಬಿಟ್ಟ.

“ನೋಡಿ ಅತ್ತೆ, ನೀಲಿ ಅಂದ್ರೆ ನೀರು. ಹಳದಿ ಅಂದ್ರೆ ಅಲ್ಲೊಂದು ಇಲ್ಲೊಂದು ಮೀನು. ಕೆಂಪು ಅಂದ್ರೆ ದಟ್ಟ ಗುಂಪು. ಒಂದೇ ನೋಟಕ್ಕೆ ಎಲ್ಲಾ ಗೊತ್ತಾಗಿಬಿಡತ್ತೆ.”

ಅತ್ತೆ ನೋಡಿದಳು. ಅವಳಿಗೆ ಕಂಡದ್ದು ಪಾತ್ರೆ ತೊಳೆದ ನೀರು. ಪಕ್ಕದಲ್ಲಿದ್ದ ಕಪ್ಪು-ಬಿಳುಪಿನ ಯಂತ್ರದಲ್ಲಿ ದಪ್ಪ ಗೆರೆಯಾದರೂ ಕಾಣುತ್ತಿತ್ತು.

“ನಾವು ಮೀನು ಹಿಡಿಯೋಕೆ ಹೋಗೋದಾ, ಸಿನಿಮಾ ನೋಡೋಕಾ? ನನಗೆ ಕಪ್ಪು-ಬಿಳುಪೇ ಸಾಕು.”

“ಈ ಕಾಲದಲ್ಲಿ ಯಾರು ತಗೋತಾರೆ ಅತ್ತೆ ಅದನ್ನ?”

“ನಾನು ತಗೋತೀನಿ.”

ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅಂಗಡಿಯವನೂ ಬಲ್ಲ, ಅಳಿಯನೂ ಬಲ್ಲ. ಆದರೆ ಇದು ಹಠವಲ್ಲ, ಭಯ ಎಂದು ಬಲ್ಲವಳು ಅವಳೊಬ್ಬಳೇ. ಕೆಲವು ಕಾಲದಿಂದ ಲೋಕದ ಬಣ್ಣಗಳೆಲ್ಲ ಒಂದರೊಳಗೊಂದು ಕಲಸಿಹೋಗಿದ್ದವು. ಮೊನ್ನೆ ಒಂದು ಕಾಲಿಗೆ ನೀಲಿ, ಇನ್ನೊಂದಕ್ಕೆ ಹಸಿರು ಚಪ್ಪಲಿ ಮೆಟ್ಟಿ ಬಂದಾಗ ಐಸ್ ಕಾರ್ಖಾನೆಯವರು ನಕ್ಕಿದ್ದರು. “ಈಗ ಇದೇ ಫ್ಯಾಷನ್, ನಿಮಗೇನು ಗೊತ್ತು” ಎಂದು ಅವರ ಬಾಯಿ ಮುಚ್ಚಿಸಿದ್ದಳು. ಮನೆಗೆ ಬಂದು ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರೂ ಯಾವುದು ಯಾವುದೆಂದು ತಿಳಿದಿರಲಿಲ್ಲ. ಈಗ ಬಣ್ಣ ಕಾಣುವುದಿಲ್ಲ ಎಂದು ಬಾಯಿಬಿಟ್ಟರೆ ಚುಕ್ಕಾಣಿ ಹೋಗುತ್ತದೆ. ಕಾಣದವರು ಹಿಡಿಯಬಾರದು ಎಂಬ ಕಾನೂನು ಮಾಡಿದವಳು ಅವಳೇ. ಕುಣಿಯಲಾರದವಳು ನೆಲ ಡೊಂಕು ಎನ್ನುವಂತೆ, ಪಾಪದ ಬಣ್ಣದ ಯಂತ್ರಕ್ಕೆ ಬಯ್ದು ಬಚಾವಾಗಲು ನೋಡಿದಳು.

ಇಬ್ಬರ ಜಗಳ ಕೇಳಿ ಕೇಳಿ ಅಂಗಡಿಯವನ ತಲೆ ಚಿಟ್ಟು ಹಿಡಿಯಿತು. “ಎರಡನ್ನೂ ತಗೊಂಡು ಹೋಗಿ ಮಾರಾಯ್ರೆ. ಸಮುದ್ರದಲ್ಲೇ ನೋಡಿ ಬನ್ನಿ. ಆದ್ರೆ ಎರಡೂ ಒಟ್ಟಿಗೆ ಹಾಕ್ಬೇಡಿ. ಒಂದರ ಕೂಗು ಇನ್ನೊಂದಕ್ಕೆ ಕೇಳಿ ಎರಡೂ ತಪ್ಪು ಹೇಳ್ತವೆ.” ತಂತಿ ಸುತ್ತಿ ಕೊಡುತ್ತ ಸೇರಿಸಿದ, “ನಿಮ್ಮಿಬ್ಬರ ಹಾಗೆ.”

ಮರುದಿನ ನಸುಕಿನಲ್ಲಿ ಹೊರಟರು. ಮೊದಲ ಪಾಳಿ ಬಣ್ಣದ್ದು. ಮಬ್ಬು ಬೆಳಕಿನಲ್ಲಿ ಪರದೆ ಅಂಗಡಿಯಲ್ಲಿದ್ದಂತೆಯೇ ಜಗಮಗ ಎನ್ನುತ್ತಿತ್ತು. ಅಳಿಯ ಕೆಂಪು ಕಂಡಲ್ಲಿ ಬಲೆ ಬಿಟ್ಟ. ಬುಟ್ಟಿಯ ತಳ ಮುಚ್ಚುವಷ್ಟು ಮೀನೂ ಸಿಕ್ಕಿತು. ಅವನ ಮುಖ ನೋಡಬೇಕಿತ್ತು, ಮೀನನ್ನು ತಾನೇ ಹೆತ್ತವನ ಹಾಗಿದ್ದ.

ಬಿಸಿಲೇರಿದಂತೆ ಕಥೆ ತಿರುಗಿತು. ಸೂರಿಲ್ಲದ ದೋಣಿ, ನೆತ್ತಿಯ ಮೇಲೆ ಸೂರ್ಯ. ಬಣ್ಣದ ಪರದೆಯಲ್ಲಿ ಅಳಿಯನಿಗೆ ತನ್ನ ಮೂಗೇ ಕಾಣತೊಡಗಿತು. ನೆಗಡಿಯಾದವನು ಹಬೆ ತೆಗೆದುಕೊಳ್ಳುವಂತೆ ತಲೆಗೂ ಪರದೆಗೂ ಸೇರಿಸಿ ಟವೆಲ್ ಮುಚ್ಚಿಕೊಂಡು, ಒಳಗಿನಿಂದ, “ಇದೆ ಅತ್ತೆ, ಇದೆ, ಏನೋ ಇದೆ” ಎಂದು ಕೂಗುತ್ತಿದ್ದ.

“ಅದು ನಿನ್ನ ಬೆವರು. ಎದ್ದೇಳು,” ಎಂದು ಅತ್ತೆ ತನ್ನ ಯಂತ್ರ ಹಾಕಿದಳು. ಬಿಸಿಲು ಬಿದ್ದಷ್ಟೂ ಅದರ ಗೆರೆ ಕಪ್ಪಾಗುತ್ತಿತ್ತು. ತಳದ ಬಂಡೆ ಏರಿತು, ಇಳಿಯಿತು, ಅದರ ಭುಜದ ಮೇಲೆ ದಪ್ಪನೆಯ ಕಪ್ಪು ಮೋಡದಂತೆ ಮೀನಿನ ಗುಂಪು ನಿಂತಿತ್ತು. “ಬಿಡು ಬಲೆ,” ಎಂದಳು. ಬಲೆ ಎಳೆಯುವಾಗ ಇಬ್ಬರ ಕೈಯೂ ಸೋತಿತು. ಬುಟ್ಟಿಗಳು ತುಂಬಿ, ಮೀನು ಕಾಲ ಬುಡದಲ್ಲೆಲ್ಲ ಹೊಳೆಯಿತು. ಅಳಿಯ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ, “ಮೋಡ ಬಂದಿದ್ರೆ ನಮ್ಮದೇ ಗೆಲ್ತಿತ್ತು” ಎಂದ. ಅತ್ತೆ ನಕ್ಕು ನಕ್ಕು ಚುಕ್ಕಾಣಿಗೆ ಒರಗಿದಳು. ಯಂತ್ರವೂ ಗೆದ್ದಿತು, ಗುಟ್ಟೂ ಉಳಿಯಿತು ಎಂದು ಅವಳ ಲೆಕ್ಕ.

ಬಂದರಿನ ಬಾಯಿಗೆ ಬರಲು ಮರಳದಿಬ್ಬ ಬಳಸಿ ದೋಣಿ ಪಡುವಣಕ್ಕೆ ತಿರುಗಬೇಕು, ಆ ಹೊತ್ತಿಗೆ ಇಳಿಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅಲ್ಲಿ ತೇಲುವ ಪೀಪಾಯಿಗಳಿವೆ. ಕೆಂಪನ್ನು ಎಡಕ್ಕೆ, ಹಸಿರನ್ನು ಬಲಕ್ಕೆ ಬಿಟ್ಟು ಒಳಗೆ ಬರಬೇಕು. ಹೂಳು ಜರುಗಿದಂತೆ ಪೀಪಾಯಿಗಳನ್ನೂ ಜರುಗಿಸುತ್ತಾರೆ, ನಕ್ಷೆಗೆ ಆ ಸುದ್ದಿ ತಲುಪುವುದು ತಡ. ಕಣ್ಣೇ ದಾರಿ. ಅತ್ತೆಗೆ ಕಂಡದ್ದು ಒಂದು ಕರಿಯ ಉಂಡೆ. ಹಸಿರಿರಬೇಕು ಎಂದುಕೊಂಡು ಅದನ್ನು ಬಲಕ್ಕೆ ಬಿಟ್ಟಳು.

“ಅತ್ತೆ, ಅದು ಕೆಂಪು,” ಎಂದ ಅಳಿಯ.

ಅವಳು ತಿರುಗಿಸುವಷ್ಟರಲ್ಲಿ ದೋಣಿಯ ಹೊಟ್ಟೆ ಮರಳಿಗೆ ಉಜ್ಜಿ ಕರಕರ ಎಂದಿತು. ಎಂಜಿನ್ ಕೂಗಾಡಿ ಹಿಂದಕ್ಕೆಳೆದು ಬಿಡಿಸಿಕೊಂಡಿತು.

ದೋಣಿ ಮರಳಿಗೆ ಉಜ್ಜಿದ್ದು ದಕ್ಕೆಯಲ್ಲಿದ್ದವರಿಗೆ ಕಂಡಿತ್ತು, ಚುಕ್ಕಾಣಿ ಯಾರ ಕೈಲಿತ್ತೆಂದು ಮಾತ್ರ ಅಷ್ಟು ದೂರಕ್ಕೆ ಕಂಡಿರಲಿಲ್ಲ. “ಏನಾಯ್ತೋ?” ಎಂದು ಡೀಸೆಲ್ ಹಾಕುವವನು ಕೇಳಿದ.

“ನಾನು ಹಿಡಿದಿದ್ದೆ, ಸ್ವಲ್ಪ ತಪ್ತು,” ಎಂದ ಅಳಿಯ, ಹಗ್ಗ ಕಟ್ಟುತ್ತ, ಯಾರ ಮುಖವನ್ನೂ ನೋಡದೆ.

“ಅದಕ್ಕೇ ಹೇಳೋದು, ಅತ್ತೆ ಕೈಲಿದ್ರೆ ಹೀಗಾಗ್ತಿತ್ತಾ?” ಎಂದು ನಾಲ್ಕು ಜನ ನಕ್ಕರು.

ಸುಮ್ಮನಿದ್ದರೆ ಮುಗಿದಿತ್ತು. ಅವಳಿಗೆ ಮನಸ್ಸೂ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಅವಳ ತಪ್ಪಿಗೆ ತಲೆ ಬಗ್ಗಿಸಿ ನಿಂತ ಅಳಿಯನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದಳು.

“ಅವನಲ್ಲ, ನಾನು,” ಎಂದಳು, ಎಲ್ಲರಿಗೂ ಕೇಳುವಂತೆ. “ನನಗೆ ಪೀಪಾಯಿ ಬಣ್ಣ ಕಾಣ್ಲಿಲ್ಲ. ತುಂಬಾ ದಿನದಿಂದ ಕಾಣ್ತಿಲ್ಲ. ನಾಳೆಯಿಂದ ಚುಕ್ಕಾಣಿ ಅವನದು.”

ನಗು ನಿಂತಿತು. ಅವಳು ನಡೆದುಹೋಗಿ ಅಪ್ಪನ ಕಟ್ಟೆಯ ಮೇಲೆ ಕೂತಳು.

ಐಸ್ ಕಾರ್ಖಾನೆಯಲ್ಲಿ ತೂಕ ಹಾಕುವ ಮಗಳು ಸುದ್ದಿ ಕೇಳಿ, ರಬ್ಬರ್ ಬೂಟಿನಲ್ಲೇ ಓಡಿ ಬಂದಳು. ತಾಯಿಯ ಬಾಯಿ ಅವಳಿಗೂ ಬಂದಿದೆ. “ಏಳಮ್ಮ. ಕಟ್ಟೆ ಎಲ್ಲೂ ಓಡಿಹೋಗಲ್ಲ. ಮೊದಲು ಕಣ್ಣಾಸ್ಪತ್ರೆಗೆ ನಡಿ.”

“ನಿಮ್ಮ ತಾತಂಗೂ ಹೀಗೇ ಆಗಿತ್ತು. ಹೋದ ಕಣ್ಣು ಬರಲ್ಲ ಕಣೇ.”

“ತಾತನ್ನ ಯಾರೂ ಕರ್ಕೊಂಡು ಹೋಗ್ಲಿಲ್ಲ. ನಿನ್ನ ನಾನು ಕರ್ಕೊಂಡು ಹೋಗ್ತೀನಿ.”

ಡಾಕ್ಟರಮ್ಮ ಕಣ್ಣಿಗೆ ಬೆಳಕು ಬಿಟ್ಟು ನೋಡಿ, “ಪೊರೆ ಬಂದಿದೆ, ತೆಗೆದ್ರೆ ಸರಿಹೋಗತ್ತೆ” ಎಂದಳು.

“ಅಷ್ಟೇನಾ?” ಎಂದು ಕೇಳಿದಳು ಅತ್ತೆ. ಅಪ್ಪನದೂ ಇಷ್ಟೇ ಇದ್ದಿರಬಹುದು ಎಂದು ಹೊಳೆದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ತಡೆಯಲಿಲ್ಲ. ಅಳುವುದೆಲ್ಲ ಆಪರೇಷನ್ನಿಗೆ ಮುಂಚೆಯೇ ಮುಗಿಸಲಿ ಎಂದು ಸುಮ್ಮನೆ ಬೆನ್ನು ಸವರಿದಳು.

ಒಂದಾದ ಮೇಲೊಂದು ಎರಡೂ ಕಣ್ಣಿನ ಪೊರೆ ತೆಗೆದರು. ಕೊನೆಯ ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ಅತ್ತೆ ಬಾಗಿಲಲ್ಲೇ ನಿಂತು ಕಾಲು ನೋಡಿಕೊಂಡಳು. “ಒಂದು ನೀಲಿ, ಒಂದು ಹಸಿರು! ಇಷ್ಟು ದಿನ ಒಬ್ಬರಾದ್ರೂ ಹೇಳ್ಬಾರದಾ?”

“ಹೇಳಿದ್ವಿ. ಫ್ಯಾಷನ್ ಅಂದೆ,” ಎಂದಳು ಮಗಳು.

ಇಷ್ಟು ಕಾಲ ಅಳಿಯ ಚುಕ್ಕಾಣಿ ಹಿಡಿದಿದ್ದ, ಆದರೆ ಯಂತ್ರ ಕೊಂಡಿರಲಿಲ್ಲ. ಎರಡನ್ನೂ ಅಂಗಡಿಗೆ ಮರಳಿಸಿ, ಹಗ್ಗಕ್ಕೆ ಗುಂಡು ಕಟ್ಟಿ ಆಳ ನೋಡಿಕೊಂಡು, ದಡದ ಹತ್ತಿರವೇ ಮೀನು ಹಿಡಿಯುತ್ತಿದ್ದ. ಯಾಕೆ ಎಂದವರಿಗೆ, “ಅತ್ತೆ ಕಣ್ಣು ಬಿಡ್ಲಿ, ಆಮೇಲೆ ನೋಡೋಣ” ಎನ್ನುತ್ತಿದ್ದನಂತೆ. ಆ ಮಾತು ಕಿವಿಗೆ ಬಿದ್ದ ಮೇಲೆ ಅತ್ತೆ ಅವನನ್ನು ಬಯ್ಯುವುದನ್ನು ಅರ್ಧಕ್ಕೆ ಇಳಿಸಿದಳು. ಪೂರ್ತಿ ನಿಲ್ಲಿಸಿದರೆ ಅವನಿಗೆ ಗಾಬರಿಯಾದೀತು.

ಡಾಕ್ಟರಮ್ಮ ಸಮುದ್ರಕ್ಕೆ ಹೋಗಬಹುದು ಎಂದ ದಿನ ಮೂವರೂ ಅಂಗಡಿಗೆ ಹೋದರು. ಅತ್ತೆ ಮೊದಲು ಬಣ್ಣದ ಯಂತ್ರದ ಮುಂದೆ ನಿಂತಳು. ನೀಲಿ ನೀಲಿಯಾಗಿತ್ತು. ಹಳದಿ, ಕೆಂಪು, ಒಂದೊಂದೂ ತನ್ನ ತನ್ನ ಜಾಗದಲ್ಲಿತ್ತು. ಬಹಳ ಹೊತ್ತು ನೋಡಿದಳು.

“ಚೆನ್ನಾಗಿದೆ,” ಎಂದಳು. “ನೀನು ಅವತ್ತು ಹೇಳಿದ್ದು ಒಂದೂ ಸುಳ್ಳಲ್ಲ. ಸಿನಿಮಾ ಅಂದದ್ದು ನನ್ನ ಬಾಯಿಚಪಲ.”

ಅತ್ತೆ ತಪ್ಪೊಪ್ಪಿಕೊಂಡದ್ದನ್ನು ಕೇಳಿ ಅಂಗಡಿಯವನು ಕೈಯಲ್ಲಿದ್ದ ತಂತಿ ಕೆಳಗಿಟ್ಟ. “ಹಾಗಾದ್ರೆ ಬಣ್ಣದ್ದೇ ಕಟ್ಟಲಾ?”

“ತಡಿ. ಎರಡನ್ನೂ ಬೀದಿಗೆ ತಾ.”

ಉದ್ದದ ತಂತಿ ಎಳೆದು, ಬಾಗಿಲಾಚೆ ಸ್ಟೂಲಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟರು. ಬೀದಿಯಲ್ಲಿ ಮಧ್ಯಾಹ್ನದ ಬಿಸಿಲು. ಹೋಗಿ ಬರುವವರು ನಿಂತು ನೋಡಿದರು. ಅತ್ತೆ ಬಗ್ಗಿ ನೋಡಿದಳು, ನಿಂತು ನೋಡಿದಳು, ಈ ಪಕ್ಕದಿಂದ ಆ ಪಕ್ಕದಿಂದ ನೋಡಿದಳು. ಬಣ್ಣ ಬಿಸಿಲಿಗೆ ತೆಳುವಾಗಿ ತೇಲಿಹೋಗಿತ್ತು. ಪಕ್ಕದ ಕಪ್ಪು ಗೆರೆ ಗಟ್ಟಿಯಾಗಿ ನಿಂತಿತ್ತು.

“ಸೂರಿರೋ ದೋಣಿಗೆ ಬಣ್ಣದ್ದು ತಗೊಳ್ಳಿ, ನಾನು ಬೇಡ ಅನ್ನಲ್ಲ. ನಮ್ಮ ದೋಣಿಗೆ ಇದು,” ಎಂದು ಕಪ್ಪು-ಬಿಳುಪಿನ ನೆತ್ತಿಯ ಮೇಲೆ ಕೈ ಇಟ್ಟಳು. “ಅವತ್ತು ಕಾಣದೆ ಹೆದರಿಕೊಂಡು ಇದೇ ಸಾಕು ಅಂದಿದ್ದೆ. ಇವತ್ತು ಎರಡನ್ನೂ ಕಣ್ಣಾರೆ ನೋಡಿ ಹೇಳ್ತಿದೀನಿ.”

ಅಳಿಯ ಟವೆಲ್ ಹೆಗಲ ಮೇಲೆ ಹಾಕಿಕೊಂಡ. “ನನ್ನದೂ ಅದೇ ಓಟು ಅತ್ತೆ. ಹಬೆ ಸಾಕಾಗಿದೆ.”

ಹೊಸ ಯಂತ್ರ ಕಟ್ಟಿ ಮೊದಲ ಸಲ ಹೋದ ದಿನ ಮಗಳೂ ರಜೆ ಹಾಕಿ ಜೊತೆಗೆ ಬಂದಳು. ಚುಕ್ಕಾಣಿ ಮತ್ತೆ ಅತ್ತೆಯ ಕೈಗೆ ಬಂದಿತ್ತು. ಅಳಿಯ ತಾನಾಗಿ ಬಿಟ್ಟುಕೊಟ್ಟಿದ್ದ, ಅವಳು ಬೇಡ ಎನ್ನಲಿಲ್ಲ. ಬಂಡೆಯ ಭುಜದ ಮೇಲಿನ ಆ ಕಪ್ಪು ಮೋಡ ಅಲ್ಲೇ ಕಾದುಕೊಂಡಿತ್ತು. ಇಳಿಬಿಸಿಲಿನಲ್ಲಿ ತುಂಬಿದ ದೋಣಿ ಬಂದರಿನ ಬಾಯಿಗೆ ಬಂತು. ದಕ್ಕೆಯ ಮೇಲೆ ಜನ ನಿಂತಿದ್ದರು. ಕೆಲಸವಿಲ್ಲದವರು ಕೆಲವರು, ಕೆಲಸ ಬಿಟ್ಟು ಬಂದವರು ಕೆಲವರು.

ಅಳಿಯ ಹಣೆಗೆ ಕೈ ಅಡ್ಡ ಹಿಡಿದು ಪೀಪಾಯಿ ಹುಡುಕುತ್ತಿದ್ದ.

“ಮುಂದಿನದು ಕೆಂಪು,” ಎಂದಳು ಅತ್ತೆ. “ಅದರಾಚೆ ಹಸಿರು. ಹಸಿರಿನ ಮೇಲೆ ಒಂದು ಹಕ್ಕಿ ಕೂತಿದೆ. ಅದರ ಕಾಲು ಹಳದಿ.”

ಅವನಿಗೆ ಇನ್ನೂ ಏನೂ ಕಂಡಿರಲಿಲ್ಲ. ಅವಳು ಕೆಂಪನ್ನು ಎಡಕ್ಕೆ, ಹಸಿರನ್ನು ಬಲಕ್ಕೆ ಬಿಟ್ಟು, ಎಲ್ಲೂ ತಡವರಿಸದೆ ದೋಣಿಯನ್ನು ಒಳಗೆ ತಂದಳು. ಹಕ್ಕಿ ಹಾರಿತು. ಅದರ ಕಾಲು ಹಳದಿಯೇ ಇತ್ತು. ದಕ್ಕೆಯಿಂದ ಯಾರೋ ಸಿಳ್ಳೆ ಹಾಕಿದರು.

ಒಳಗಿನ ನೀರು ಶಾಂತವಾಗಿತ್ತು. ಅತ್ತೆ ಎಂಜಿನ್ ನಿಧಾನಿಸಿ ಅಳಿಯನನ್ನು ಕರೆದಳು. “ಬಾ, ಹಿಡಿ ಇದನ್ನ.”

ಅವನು ಗಾಬರಿಯಾದ. “ಯಾಕೆ ಅತ್ತೆ? ಕಣ್ಣು?”

“ಕಣ್ಣಿಗೇನೂ ಆಗಿಲ್ಲ. ಚುಕ್ಕಾಣಿ ಹಿಡಿದ್ರೆ ದಾರಿ ಮಾತ್ರ ನೋಡ್ಬೇಕು. ನನಗೆ ಇವತ್ತು ಎಲ್ಲಾನೂ ನೋಡೋದಿದೆ.”

ಅವನ ಕೈ ಹಿಡಿದು ಚುಕ್ಕಾಣಿಯ ಮೇಲೆ ಇಟ್ಟಳು. ಆಮೇಲೆ ಮೀನಿನ ಬುಟ್ಟಿಗಳನ್ನು ದಾಟಿಕೊಂಡು ದೋಣಿಯ ಮೂತಿಗೆ ಹೋಗಿ, ಮಗಳ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತು, ನೀಲಿ ನೀರನ್ನು ನೋಡತೊಡಗಿದಳು.